ಅಮಾವಾಸ್ಯೆಗೊಮ್ಮೆ ಬೀಳುತ್ತಿದ್ದ ಸರ್ವರ್

ಪರದೆಯ ಮೇಲೆ ಮತ್ತೆ ಅದೇ ಕೆಂಪು ಸಾಲು. ಲಾಗಿನ್ ಪ್ರೋಸೆಸ್ ಶುರು ಮಾಡಲು ಆಗುತ್ತಿಲ್ಲ, ಕಾವಲು ಪ್ರೋಗ್ರಾಮು ಉತ್ತರ ಕೊಡುತ್ತಿಲ್ಲ, ಅದರ ಫೋಲ್ಡರೇ ಇಲ್ಲ. ಅದೇ ಕಮಾಂಡು ಇನ್ನೊಮ್ಮೆ ಹೊಡೆದೆ. ಮತ್ತೆ ಕೆಂಪು. ನನ್ನ ಬೆನ್ನ ಹಿಂದೆ ಹುಮನಾಬಾದ ಆಫೀಸಿನ ಅಕ್ಕ ಎರಡು ಕಿವಿಗೆ ಎರಡು ಫೋನು ಹಿಡಿದು ನಿಂತಿದ್ದರು.

"ಹೌದ್ರಿ, ನೆಟ್ ಬಂದ್ ಅದ್ರಿ. ಕಲ್ಯಾಣದಿಂದ ಹುಡುಗ ಬಂದಾನ್ರಿ, ಮಾಡಾಕತ್ತಾನ್ರಿ," ಅಂತ ಒಂದು ಫೋನಿಗೆ. ಇನ್ನೊಂದಕ್ಕೆ, "ಯಪ್ಪಾ, ನಾ ಏನ್ ಬೇಕಂತ ಬಂದ್ ಮಾಡೀನೇನೋ? ಬೈಬ್ಯಾಡ. ನೀ ಬೈದ್ರ ಜಲ್ದಿ ಬರ್ತದೇನು ನೆಟ್ಟು?"

ಎರಡೂ ಫೋನು ಇಟ್ಟು ನನ್ನ ಕಡೆ ತಿರುಗಿದರು. "ತಮ್ಮಾ, ಏನಂತದ ಅದು?"

"ಫೋಲ್ಡರ್ ಇಲ್ಲ ಅಂತದಕ್ಕಾ."

"ಹೋದ ಸಲಾನೂ ಹಂಗೇ ಅಂದಿತ್ತಲ್ಲ. ಯಾರ್ ಒಯ್ತಾರ ಅದನ್ನ? ಇಲಿ ಒಯ್ತಾವೇನು?"

ನಾನು ಹೋದ ಸಲ ಮಾಡಿದ್ದನ್ನೇ ಮಾಡಿದೆ. ಇಲ್ಲದ ಫೋಲ್ಡರನ್ನು ಕೈಯಿಂದ ಮಾಡಿ, ಕಾವಲು ಪ್ರೋಗ್ರಾಮನ್ನು ಎಬ್ಬಿಸಿದೆ. ಮೂರು ಹಸಿರು ಸಾಲು ಬಂದವು. ಫೋನು ಬಡಿಯುವುದು ನಿಂತಿತು. ಅಕ್ಕ ಚಹಾ ತರಿಸಿದರು.

ನಮ್ಮದು ಊರಿನ ಇಂಟರ್ನೆಟ್ ಕಂಪನಿ. ಬಸವಕಲ್ಯಾಣದಲ್ಲಿ ಒಂದು ಸರ್ವರ್, ಹುಮನಾಬಾದದಲ್ಲಿ ಒಂದು. ಹುಮನಾಬಾದದ್ದರ ಮೇಲೆ ಅಲ್ಲಿನ ಪೇಟೆ, ಸುತ್ತಲಿನ ಊರು. ಕಲ್ಯಾಣದ್ದರ ಮೇಲೆ ಕಲ್ಯಾಣ, ರಾಜೇಶ್ವರ, ಮುಡಬಿ ಕಡೆಯ ಮನೆಗಳು. ಎರಡರಲ್ಲೂ ಮೂರೇ ಕೆಲಸ ನಡೆಯುತ್ತವೆ. ಒಂದು, ಗಿರಾಕಿಯ ಹೆಸರು ಪಾಸ್ವರ್ಡ್ ನೋಡಿ ಒಳಗೆ ಬಿಡುವುದು. ಇನ್ನೊಂದು, ಅವರು ಕೇಳಿದ ಸೈಟು ಎಲ್ಲಿದೆ ಎಂದು ಹೇಳುವುದು. ಮೂರನೆಯದು ಯಾರು ಯಾವಾಗ ಬಂದರು ಎಂದು ಬರೆದಿಡುವುದು. ಈ ಮೂರು ಪ್ರೋಸೆಸ್ಸಿನ ಮೇಲೆ ಒಂದು ಕಾವಲು ಪ್ರೋಗ್ರಾಮು. ಯಾವುದಾದರೂ ಸತ್ತರೆ ಅದು ತಕ್ಷಣ ಮತ್ತೆ ಎಬ್ಬಿಸುತ್ತದೆ.

ಸೆಟ್ಟಿಂಗ್ ಹಾಕಲು ಬೇರೆ ಟೂಲ್ ಇದೆ. ಸರ್ವರ್ ಹೇಗಿರಬೇಕು ಎಂದು ಒಂದು ಫೈಲಿನಲ್ಲಿ ಮೇಲಿನಿಂದ ಕೆಳಗೆ ಬರೆದಿಡುವುದು, ಅದನ್ನು ಓಡಿಸುವುದು. ಎರಡೂ ಸರ್ವರಿಗೆ ಒಂದೇ ಫೈಲು. ಇದನ್ನೆಲ್ಲ ಕೂಡಿಸಿಕೊಟ್ಟವರು ಒಬ್ಬ ಇಂಜಿನಿಯರು, ಕಲಬುರಗಿಯವರು, ಈಗ ಹೈದರಾಬಾದಿನಲ್ಲಿದ್ದಾರೆ. ಅದು ದಿನವೂ ನಡೆಯುವಂತೆ ನೋಡಿಕೊಳ್ಳುವವನು ನಾನು. ಹತ್ತನೇ ಕ್ಲಾಸಿಗೇ ಶಾಲೆ ಬಿಟ್ಟು, ಮೊದಲು ಕಂಬ ಹತ್ತಿ ವೈರ್ ಎಳೆಯುತ್ತಿದ್ದವನು. ಇಂಗ್ಲಿಷ್ ಸಾಲು ಅಕ್ಷರ ಕೂಡಿಸಿ ಓದುತ್ತೇನೆ. ಅಷ್ಟು ಸಾಕಾಗುತ್ತದೆ.

ಅಕ್ಕ ಪ್ರತಿ ಸಲ ಫೋನಿನಲ್ಲಿ ಹೇಳುತ್ತಿದ್ದದ್ದು ಒಂದೇ ಮಾತು. "ಕರೆಂಟ್ ಹೋಗಿ ಬಂತು ತಮ್ಮಾ, ಆಮ್ಯಾಲ ನೆಟ್ ಬರ್ಲಿಲ್ಲ." ಅದನ್ನು ನಂಬಿ ಮಾಲಕರು ಯುಪಿಎಸ್ಸಿನ ಬ್ಯಾಟರಿ ಎಲ್ಲ ಹೊಸದು ಹಾಕಿಸಿದ್ದರು. ಹೊಸ ಬ್ಯಾಟರಿ ಹಾಕಿದ ಮೇಲೂ ಇವತ್ತು ಮತ್ತೆ ಬಿದ್ದಿತ್ತು. ಹಾಗಾಗಿ ಚಹಾ ಕುಡಿಯುತ್ತಿರುವಾಗಲೇ ಮಾಲಕರ ಫೋನು ಬಂತು. ಸ್ಪೀಕರ್ ಹಾಕಿದೆ.

"ಎದ್ದದೇನೋ?"

"ಎದ್ದದ್ರಿ ಸಾವ್ಕಾರ್ರ."

"ಇದು ಇನ್ ಸಾಕು. ಕಲ್ಯಾಣದಾಗ ಒಂದ್ ಸಲಾನೂ ಬಿದ್ದಿಲ್ಲ. ಅದೇ ಮಷೀನು, ಅದೇ ಫೈಲು. ಅಂದ್ರ ಅಲ್ಲಿ ಕೈ ಸರಿ ಇಲ್ಲ. ಇನ್ನೊಂದ್ ಸಲ ಬಿತ್ತಂದ್ರ ಹುಮನಾಬಾದ ಖೋಲಿ ಬಂದ್ ಮಾಡ್ತೀನಿ. ಹೈದರಾಬಾದಿನಾಗ ಬಾಡಿಗಿ ಸರ್ವರ್ ತಗೋತೀನಿ. ಆ ಹೆಣ್ಮಗಳಿಗಿ ಹೇಳು."

ಹೇಳುವುದೇನು ಬಂತು, ಅವರೇ ಎದುರಿಗೆ ಕೂತಿದ್ದರು. ಅಕ್ಕ ಹುಡಗಿ ಎಂಬ ಊರಿನಿಂದ ದಿನಾ ಷೇರ್ ಆಟೋದಲ್ಲಿ ಬರುತ್ತಾರೆ. ಈ ಕೆಲಸಕ್ಕೆ ಮುಂಚೆ ಬೇರೆಯವರ ಹೊಲದಲ್ಲಿ ಕಳೆ ತೆಗೆಯುತ್ತಿದ್ದರು. ಖೋಲಿ, ಅಂದರೆ ಈ ಸರ್ವರ್ ಕೋಣೆ, ಬಂದ್ ಆದರೆ ಮತ್ತೆ ಅದೇ. ಫೋನು ಇಟ್ಟ ಮೇಲೆ ಅವರು ಅಳಲಿಲ್ಲ, ಬೈಯಲೂ ಇಲ್ಲ. ಎದ್ದು ಹೋಗಿ ಬಾಗಿಲು ಮುಂದೆ ಮಾಡಿ ಬಂದರು.

"ತಮ್ಮಾ, ಒಂದ್ ಮಾತು. ಯಾರ ಮುಂದನೂ ಹೇಳಬ್ಯಾಡ."

"ಹೇಳ್ರಿ."

"ಕರೆಂಟ್ ಹೋಗಿದ್ದು ಸುಳ್ಳು. ಇದು ಪ್ರತಿ ಅಮಾಸಿಗಿ ಪೂಜಿ ಮಾಡಿದ ಮ್ಯಾಲೇ ಬೀಳ್ತದ."

ನಮ್ಮ ಕಡೆ ಅಮಾವಾಸ್ಯೆಗೆ ಗಾಡಿ, ಮಷೀನು, ತಕ್ಕಡಿ, ಎಲ್ಲಕ್ಕೂ ಪೂಜೆ. ನಿಲ್ಲಿಸಿ, ಒರೆಸಿ, ಕುಂಕುಮ ಹಚ್ಚಿ, ಕಾಯಿ ಒಡೆದು ಆಮೇಲೆ ಚಾಲೂ ಮಾಡುವುದು. ಸರ್ವರಿಗೂ ಹಾಗೇ ಮಾಡಬೇಕು ಎಂದು ಮಾಲಕರೇ ಮೊದಲ ದಿನ ಹೇಳಿದ್ದರು. ಅಕ್ಕ ಅದನ್ನು ಅಕ್ಷರಕ್ಕೆ ಅಕ್ಷರ ಮಾಡುತ್ತಿದ್ದರು. ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಬಂದು ಸರ್ವರ್ ಬಂದ್ ಮಾಡಿ, ಒಣ ಬಟ್ಟೆಯಿಂದ ಒರೆಸಿ, ಪೂಜೆ ಮಾಡಿ ಚಾಲೂ ಮಾಡುತ್ತಿದ್ದರು.

"ಕುಂಕುಮ ಒಳಗ ಫ್ಯಾನಿನಾಗ ಹೋಗ್ತದೇನೋ ಅಂತ ಈ ಸಲ ಮಷೀನಿಗಿ ಹಚ್ಚೇ ಇಲ್ಲ. ರಟ್ಟಿಗಿ ಹಚ್ಚಿ ಮುಂದ ನಿಲ್ಲಿಸೀನಿ. ನೋಡಲ್ಲಿ."

ನೋಡಿದೆ. ಬಿಸ್ಕೀಟಿನ ರಟ್ಟಿನ ಡಬ್ಬಿಗೆ ಐದು ಬೊಟ್ಟು ಕುಂಕುಮ, ಒಂದು ಚೆಂಡುಹೂವು. ನನಗೆ ನಗು ಬಂತು.

"ನಗಬ್ಯಾಡೋ. ಪೂಜಿ ಮಾಡಿದ್ರ ಮಷೀನ್ ಕೆಡ್ತದ ಅಂತ ಸಾವ್ಕಾರ್ರ ಮುಂದ ನಾ ಹ್ಯಾಂಗ ಹೇಳ್ಲಿ? ಪೂಜಿ ಮಾಡು ಅಂದವ್ರೇ ಅವ್ರು. ದೇವರ ಮ್ಯಾಲ ಹಾಕಿದಂಗ ಆಗ್ತದ, ಅವ್ರ ಮ್ಯಾಲ ಹಾಕಿದಂಗೂ ಆಗ್ತದ."

ನನ್ನ ನಗು ನಿಂತಿತು. ಕುಂಕುಮದ ಮಾತಿಗಲ್ಲ. ಬಂದ್ ಮಾಡುತ್ತಾರೆ ಎಂಬ ಮಾತಿಗೆ. ಸರ್ವರ್ ಬಂದ್ ಮಾಡಿ ಚಾಲೂ ಮಾಡುವುದು ಸಣ್ಣ ಮಾತಲ್ಲ. ನಾನು ಕಲ್ಯಾಣದ ಸರ್ವರನ್ನು ಯಾವಾಗ ಬಂದ್ ಮಾಡಿದ್ದೆ ಎಂದು ನೆನಪು ಮಾಡಿಕೊಂಡೆ. ಯಾವತ್ತೂ ಇಲ್ಲ. ಕೂಡಿಸಿದ ದಿನದಿಂದ ಅದು ಓಡುತ್ತಲೇ ಇತ್ತು. ಕಲ್ಯಾಣದಲ್ಲೂ ಅಮಾವಾಸ್ಯೆ ಪೂಜೆ ಆಗುತ್ತದೆ, ಮಾಲಕರೇ ಮಾಡುತ್ತಾರೆ. ಆದರೆ ಗಿರಾಕಿಗಳು ಕೂಗಾಡುತ್ತಾರೆ ಎಂದು ಮಷೀನು ನಿಲ್ಲಿಸುವುದಿಲ್ಲ. ಓಡುತ್ತಿರುವಾಗಲೇ ಮೇಲೆ ಹಾರ ಹಾಕಿ ಕೈಮುಗಿಯುತ್ತಾರೆ.

ಬಸ್ಸಿನಲ್ಲಿ ಕಲ್ಯಾಣಕ್ಕೆ ಬರುತ್ತ ಹೈದರಾಬಾದಿನ ಇಂಜಿನಿಯರಿಗೆ ಫೋನು ಹಚ್ಚಿದೆ. ಆ ಫೋಲ್ಡರ್ ಎಲ್ಲಿರುತ್ತದೆ ಎಂದು ಕೇಳಿದೆ.

"ಮೆಮೊರಿಯಾಗ," ಎಂದರು. "ಕಾವಲು ಪ್ರೋಗ್ರಾಮು ತನ್ನ ಬೀಗದ ಫೈಲು, ತನ್ನ ಜೋಡಿ ಮಾತಾಡೋ ಫೈಲು ಅಲ್ಲಿ ಇಡ್ತದ. ಡಿಸ್ಕ್ ಸವಿಬಾರ್ದಂತ ನಾನೇ ಅಲ್ಲಿ ಇಟ್ಟೀನಿ."

"ಬಂದ್ ಮಾಡಿದ್ರ?"

"ಬಂದ್ ಮಾಡಿದ್ರ ಮೆಮೊರಿ ಖಾಲಿ ಆಗ್ತದ." ಹೇಳಿದ ಮೇಲೆ ಅವರಿಗೇ ಹೊಳೆಯಿತು. "ಹೌದಲ್ಲ. ಫೋಲ್ಡರೂ ಹೋಗ್ತದ. ಆದ್ರ ಟೂಲ್ ಓಡಿಸಿದ್ರ ಮತ್ತ ಮಾಡಬೇಕಲ್ಲ ಅದು. ಫೈಲಿನಾಗ ಬರ್ದೀನಿ."

"ಮಾಡಂಗಿಲ್ರಿ. ಕೆಂಪು ಬಂದು ನಿಲ್ತದ."

"ಎಲ್ಲಿ ನಿಂತದ, ಆ ಸಾಲು ಓದು."

ಲ್ಯಾಪ್‌ಟಾಪ್ ತೊಡೆಯ ಮೇಲೆ ಇಟ್ಟುಕೊಂಡು ಓದಿದೆ. ರಾಜೇಶ್ವರ ಬರುವಷ್ಟರಲ್ಲಿ ಇಬ್ಬರಿಗೂ ತಿಳಿಯಿತು. ಫೈಲಿನಲ್ಲಿ ಮೊದಲು ಬರುವುದು 'ಲಾಗಿನ್ ಪ್ರೋಸೆಸ್ ಶುರು ಮಾಡು'. ಫೋಲ್ಡರ್ ಮಾಡು ಎನ್ನುವ ಸಾಲು ಕಟ್ಟಕಡೆಗೆ. ಟೂಲಿನ ಗುಣ ಏನೆಂದರೆ ಮೇಲಿನಿಂದ ಕೆಳಗೆ ಬರುತ್ತದೆ, ಎಲ್ಲಿ ತಪ್ಪು ಸಿಕ್ಕಿತೋ ಅಲ್ಲೇ ನಿಲ್ಲುತ್ತದೆ. ಫೋಲ್ಡರ್ ಇಲ್ಲದೆ ಕಾವಲು ಏಳುವುದಿಲ್ಲ, ಕಾವಲು ಇಲ್ಲದೆ ಲಾಗಿನ್ ಶುರು ಆಗುವುದಿಲ್ಲ, ಅದು ಶುರು ಆಗದೆ ಟೂಲು ಫೋಲ್ಡರಿನ ಸಾಲಿಗೆ ಬರುವುದೇ ಇಲ್ಲ.

"ಮತ್ತ ಮೊದಲ ದಿನ ಹ್ಯಾಂಗ ನಡೀತ್ರಿ?" ಎಂದೆ.

"ಮೊದಲ ದಿನ ಟ್ರೈ ಮಾಡುವಾಗ ಕೈಲೇ ಮಾಡಿದ್ದೆ ಫೋಲ್ಡರು. ಆಮ್ಯಾಲ ನೆನಪಾಗಿ ಫೈಲಿನ ಕಡೀಕ ಸೇರಿಸೀನಿ. ಫೋಲ್ಡರ್ ಮೊದಲೇ ಇತ್ತಲ್ಲ, ಎಲ್ಲಾ ಹಸಿರೇ ಬಂತು."

ಅವರು ಕೈಯಿಂದ ಮಾಡಿದ್ದರು, ನಾನೂ ಪ್ರತಿ ತಿಂಗಳು ಕೈಯಿಂದ ಮಾಡುತ್ತಿದ್ದೆ. ಫೈಲು ಮಾತ್ರ ಹಾಗೇ ಇತ್ತು.

ಕಲ್ಯಾಣದ ಆಫೀಸಿನಲ್ಲಿ ಒಂದು ಹಳೆಯ ಕಂಪ್ಯೂಟರ್ ಇತ್ತು. ಅದಕ್ಕೆ ಎಲ್ಲ ಹಾಕಿ ಸರ್ವರಿನಂತೆ ಮಾಡಿದೆ. ಬಂದ್ ಮಾಡಿ ಚಾಲೂ ಮಾಡಿದೆ. ಬಿತ್ತು, ಅದೇ ಕೆಂಪು ಸಾಲು. ಫೋಲ್ಡರಿನ ಸಾಲನ್ನು ಮೇಲಕ್ಕೆ ತಂದು ಟೂಲ್ ಓಡಿಸಿದೆ, ಹಸಿರು. ಆಯಿತು ಎಂದುಕೊಂಡೆ. ಮತ್ತೆ ಬಂದ್ ಮಾಡಿ ಚಾಲೂ ಮಾಡಿದರೆ ಮತ್ತೆ ಬಿತ್ತು. ಟೂಲ್ ಓಡಿಸುವವರೆಗೆ ಏಳಲಿಲ್ಲ.

ಅಕ್ಕನಿಗೆ ಫೋನಿನಲ್ಲಿ ಹೇಳಿದೆ. "ಅಷ್ಟ್ ಆಯ್ತಕ್ಕಾ. ಬಿದ್ರ ನಾ ಇಲ್ಲಿಂದಲೇ ಟೂಲ್ ಓಡಿಸ್ತೀನಿ."

"ಮಷೀನು ಬೀಳೋದಂತೂ ಬೀಳ್ತದಲ್ಲ? ನೀ ಉಣ್ಣಾಕ್ ಹೋಗಿದ್ರ? ಸಾವ್ಕಾರ್ರಿಗಿ ಮೊದಲ ಫೋನ್ ಹೋಗಿದ್ರ?"

ಖರೆ ಮಾತು. ನನಗೆ ಸಿಟ್ಟು ಬಂತು, ಆದರೆ ಖರೆ. ಮತ್ತೆ ಇಂಜಿನಿಯರಿಗೆ ಫೋನು. ಮಷೀನು ಏಳುವಾಗ ಯಾವ ಯಾವ ಫೋಲ್ಡರ್ ಮಾಡಬೇಕು ಎಂದು ಹೇಳುವ ಜಾಗ ಒಂದಿದೆ, ಅಲ್ಲಿ ಒಂದು ಸಾಲು ಹಾಕಿಸೋಣ, ಆ ಸಾಲನ್ನು ಟೂಲೇ ಹಾಕಲಿ ಎಂದರು. ಅವರು ಹೇಳಿದಂತೆ ಫೈಲಿನ ಮೊದಲ ಹೆಜ್ಜೆಯಾಗಿ ಬರೆದೆ. ಹಳೆ ಕಂಪ್ಯೂಟರ್ ಬಂದ್, ಚಾಲೂ. ಯಾರೂ ಏನೂ ಮುಟ್ಟದೆ ಮೂರೂ ತಾವೇ ಎದ್ದವು. ಮತ್ತೊಮ್ಮೆ ಮಾಡಿದೆ. ಮತ್ತೆ ಎದ್ದವು. ನಂಬಿಕೆ ಬರಲಿಲ್ಲ, ಕರೆಂಟಿನ ವೈರೇ ಕಿತ್ತು ಮತ್ತೆ ಚುಚ್ಚಿದೆ. ಆಗಲೂ ಎದ್ದವು.

ಮಾಲಕರನ್ನು ಕರೆದು ತೋರಿಸಿದೆ. ಹಳೆ ಫೈಲು ಹಾಕಿ ಬೀಳಿಸಿದೆ, ಹೊಸ ಫೈಲು ಹಾಕಿ ಎಬ್ಬಿಸಿದೆ. ಅವರು ನಿಂತುಕೊಂಡೇ ನೋಡಿದರು.

"ಇದು ಭಂಗಾರ ಮಷೀನು. ಭಂಗಾರ ಬೀಳ್ತದ. ನಂಗ ಇದನ್ ಯಾಕ ತೋರಿಸ್ತಿ? ಕಲ್ಯಾಣದ್ದು ಯಾಕ ಬೀಳಂಗಿಲ್ಲ, ಅದನ್ ಹೇಳು."

ಭಂಗಾರ ಎಂದರೆ ನಮ್ಮಲ್ಲಿ ಗುಜರಿ. ಅವರ ಮಾತಿನಲ್ಲಿ ಹುಮನಾಬಾದ ಖೋಲಿ ಆಗಲೇ ಬಂದ್ ಆಗಿತ್ತು.

ಇಂಜಿನಿಯರು ಸುಲಭದ ದಾರಿ ಹೇಳಿದರು. "ಎರಡೂ ಕಡಿ ಹೊಸ ಫೈಲ್ ಹಾಕಿಬಿಡು. ಇನ್ನ ಬೀಳಂಗಿಲ್ಲ. ಮುಗೀತು."

ಮುಗಿಯುವುದಿಲ್ಲ ಎಂದೆ. ಮೊದಲೇ ಸರಿ ಮಾಡಿದರೆ ಕಲ್ಯಾಣ ಯಾವತ್ತೂ ಬೀಳದ ಮಷೀನಾಗಿಯೇ ಉಳಿಯುತ್ತದೆ. ಹುಮನಾಬಾದ ಬಿದ್ದದ್ದು ಅಕ್ಕನ ಕೈಯಿಂದ ಎನ್ನುವ ಮಾತೂ ಉಳಿಯುತ್ತದೆ. ನಾಳೆ ಬೇರೆ ಏನೋ ಕಾರಣಕ್ಕೆ, ಒಂದು ವೈರು ಸಡಿಲಾಗಿ ಬಿದ್ದರೂ ಅವರನ್ನೇ ಮನೆಗೆ ಕಳಿಸುತ್ತಾರೆ. ಕಲ್ಯಾಣದ ಸರ್ವರ್ ಹಳೆ ಫೈಲಿನ ಮೇಲೆ ಒಂದು ಸಲ ಬೀಳಲೇಬೇಕು, ಮಾಲಕರ ಕಣ್ಣೆದುರು ಬೀಳಬೇಕು.

"ಹುಚ್ಚ ಅದೀಯೇನೋ? ಓಡೋ ಸರ್ವರ್ ಬೇಕಂತ ಬೀಳಿಸ್ತೀಯಾ?"

"ನಾ ಬೀಳಿಸಂಗಿಲ್ರಿ. ಬಂದ್ ಮಾಡಿ ಚಾಲೂ ಮಾಡ್ತೀನಿ. ಅದೇ ಬೀಳ್ತದ."

"ಆಯ್ತು, ನಾ ಫೋನಿನ ಮ್ಯಾಲ ಇರ್ತೀನಿ," ಎಂದರು. ಒಳ್ಳೆಯ ಮನುಷ್ಯ.

ಮುಂದಿನ ಅಮಾವಾಸ್ಯೆ ಬೆಳಿಗ್ಗೆ ಮಾಲಕರು ವಿಭೂತಿ ಹಚ್ಚಿಕೊಂಡು, ಹಾರ, ಕಾಯಿ, ಊದಿನಕಡ್ಡಿ ತಗೊಂಡು ಸರ್ವರ್ ಖೋಲಿಗೆ ಬಂದರು. ಅದಕ್ಕೂ ಮುಂಚೆ ಅಕ್ಕನಿಗೆ ಫೋನು ಮಾಡಿ, ಇವತ್ತು ನಾನು ಹೇಳುವವರೆಗೆ ನಿಮ್ಮ ಮಷೀನು ಮುಟ್ಟಬೇಡಿ ಎಂದಿದ್ದೆ. ಮಾಲಕರು ಹಾರ ಎತ್ತುವಾಗ ನಾನು ಅಡ್ಡ ನಿಂತೆ.

"ಸಾವ್ಕಾರ್ರ, ಬಂದ್ ಮಾಡಿ ಪೂಜಿ ಮಾಡ್ರಿ."

"ತಲಿ ಸರಿ ಅದ ಇಲ್ಲ ನಿಂದು? ಅರ್ಧಾ ತಾಲೂಕು ಇದರ ಮ್ಯಾಲ ಅದ."

"ಅದ್ರಿ. ಆದ್ರ ಓಡೋ ಲಾರಿಗಿ ಯಾರರ ಕಾಯಿ ಒಡೀತಾರೇನ್ರಿ? ನಿಮ್ ಟ್ರ್ಯಾಕ್ಟರ್ ನಿಲ್ಲಿಸಿ ಪೂಜಿ ಮಾಡ್ತೀರಿ. ನಿಮ್ ಎಣ್ಣಿ ಗಾಣ ನಿಲ್ಲಿಸ್ತೀರಿ. ಹುಮನಾಬಾದದಾಗ ಅಕ್ಕೋರು ನೀವ್ ಹೇಳ್ದಂಗೇ ನಿಲ್ಲಿಸಿ ಮಾಡ್ತಾರ, ಅದ್ಕೇ ಬೀಳ್ತದ. ಇಲ್ಲಿ ನಿಲ್ಲಿಸಂಗಿಲ್ಲ, ಅದ್ಕೇ ಬೀಳಂಗಿಲ್ಲ. ನಿಲ್ಲಿಸ್ರಿ, ಇದೂ ಬೀಳ್ತದ."

ಅವರು ಹಾರ ಹಿಡಿದುಕೊಂಡೇ ನನ್ನ ಮುಖ ನೋಡಿದರು. "ಆಕಿ ಬಂದ್ ಮಾಡ್ತಾಳೇನು ಪೂಜಿಗಿ?"

"ನೀವೇ ಹೇಳೀರಂತ."

"ಹೇಳೀನಿ," ಎಂದರು. ಹಾರ ಕೆಳಗಿಟ್ಟು, "ಬೀಳ್ಲಿಲ್ಲ ಅಂದ್ರ?"

"ಹುಮನಾಬಾದ ಬಂದ್ ಮಾಡ್ರಿ. ನಾ ಮತ್ತ ಕಂಬ ಹತ್ತಿ ವೈರ್ ಎಳೀತೀನಿ."

"ಮಾಡು," ಎಂದರು.

ಬಂದ್ ಮಾಡಿದೆ. ಫ್ಯಾನುಗಳ ಸದ್ದು ನಿಂತಿತು. ಆ ಖೋಲಿ ಅಷ್ಟು ಸುಮ್ಮನಿದ್ದದ್ದನ್ನು ನಾನು ಅವತ್ತೇ ಕೇಳಿದ್ದು. ಮಾಲಕರು ಒರೆಸಿದರು, ಕುಂಕುಮ ಹಚ್ಚಿದರು, ಹೊರಗೆ ಹೋಗಿ ಕಾಯಿ ಒಡೆದು ಬಂದರು. ಅವಸರ ಮಾಡಲಿಲ್ಲ. ಅಷ್ಟರಲ್ಲಿ ಹೊರಗಿನ ಟೇಬಲ್ ಮೇಲೆ ಫೋನು ಬಡಿಯಲು ಶುರುವಾಯಿತು. ಚಾಲೂ ಮಾಡಿದೆ. ಪರದೆ ಬಂತು. ಹಳೆ ಫೈಲನ್ನೇ ಓಡಿಸಿದೆ.

ಕೆಂಪು. ಅಕ್ಷರಕ್ಕೆ ಅಕ್ಷರ ಹುಮನಾಬಾದದಲ್ಲಿ ಬಂದ ಸಾಲೇ. ಫೋಲ್ಡರ್ ಇಲ್ಲ.

ಸರ್ವರ್ ಬಿದ್ದದ್ದಕ್ಕೆ ನನಗೆ ಅಷ್ಟು ಖುಷಿ ಎಂದೂ ಆಗಿರಲಿಲ್ಲ. ಮಾಲಕರಿಗೆ ಇಂಗ್ಲಿಷ್ ಬರುವುದಿಲ್ಲ. ಹುಮನಾಬಾದದಲ್ಲಿ ತೆಗೆದಿದ್ದ ಕೆಂಪು ಸಾಲಿನ ಫೋಟೋವನ್ನು ಫೋನಿನಲ್ಲಿ ತೆಗೆದು ಪರದೆಯ ಪಕ್ಕ ಹಿಡಿದೆ. ಅವರು ಒಂದೊಂದೇ ಅಕ್ಷರ ಬೆರಳಿಟ್ಟು ಹೋಲಿಸಿದರು. ಊದಿನಕಡ್ಡಿಯ ಬೂದಿ ಅವರ ಅಂಗಿಯ ಮೇಲೆ ಬೀಳುತ್ತಿತ್ತು.

"ಇಲ್ಲಿ ನಾ ಹಚ್ಚೀನಿ ಕುಂಕುಮ," ಎಂದರು ಕೊನೆಗೆ. "ಆಕಿ ಅಲ್ಲ."

"ಹೌದ್ರಿ."

"ಎಬ್ಬಿಸು ಮೊದಲ. ಫೋನ್ ಸಾಯಾಕತ್ತಾವ ಹೊರಗ."

ಕೈಯಿಂದ ಫೋಲ್ಡರ್ ಮಾಡಲಿಲ್ಲ. ಬೆರಳು ಅತ್ತಲೇ ಹೋಯಿತು, ತಡೆದೆ. ಹೊಸ ಫೈಲು ಓಡಿಸಿದೆ. ಮೊದಲ ಹೆಜ್ಜೆ ಫೋಲ್ಡರು, ಹಸಿರು. ಎರಡನೆಯದು ಕಾವಲು, ಹಸಿರು. ಆಮೇಲೆ ಲಾಗಿನ್ ಎದ್ದಿತು, ಸೈಟು ಹೇಳುವುದು ಎದ್ದಿತು. ಬರೆದಿಡುವುದು ಮಾತ್ರ ಕೆಂಪು ಬಂತು. ಫೋನಿನಲ್ಲಿದ್ದ ಇಂಜಿನಿಯರು, "ಗಡಬಡ ಮಾಡಬ್ಯಾಡ, ಸಾಲು ಓದು," ಎಂದರು. ಓದಿದೆ. ತಾನು ಓಡುತ್ತಿದ್ದೇನೆ ಎಂಬ ಗುರುತಿಗೆ ಅದು ಇಟ್ಟುಕೊಳ್ಳುವ ಬೀಗದ ಫೈಲು, ಹಳೆಯದು, ಡಿಸ್ಕಿನ ಮೇಲೆ ಹಾಗೇ ಉಳಿದಿತ್ತು. ತನ್ನಂಥದೇ ಇನ್ನೊಂದು ಆಗಲೇ ಓಡುತ್ತಿದೆ ಎಂದುಕೊಂಡು ಅದು ಏಳುತ್ತಿರಲಿಲ್ಲ. ಕಲ್ಯಾಣದಲ್ಲಿ ಮಾತ್ರ ಯಾರೋ ಯಾವಾಗಲೋ ಕೈಯಿಂದ ಅದರ ಜಾಗ ಬದಲಿಸಿ ಡಿಸ್ಕಿನಲ್ಲಿ ಇಟ್ಟಿದ್ದರು. ಹುಮನಾಬಾದದಲ್ಲಿ ಇದ್ದಂತೆ ಅದು ಮೆಮೊರಿಯಲ್ಲೇ ಇರಬೇಕು ಎಂದು ಸೆಟ್ಟಿಂಗ್ ಫೈಲಿನಲ್ಲಿ ಬರೆದು, ಮತ್ತೆ ಓಡಿಸಿದೆ. ಮೂರೂ ಹಸಿರು.

ಮಾಲಕರು ಉಸಿರು ಬಿಟ್ಟು ಚಪ್ಪಲಿ ಹಾಕಿಕೊಳ್ಳಲು ಹೊರಟರು.

"ಇನ್ನ ಆಗಿಲ್ರಿ," ಎಂದೆ. "ಇನ್ನೊಂದ್ ಸಲ ಬಂದ್ ಮಾಡಬೇಕು."

"ಮತ್ತ್ಯಾಕೋ!"

"ಈಗ ನಾ ಎಬ್ಬಿಸೀನಿ. ತಾನೇ ಏಳೋದ್ ನೋಡಬೇಕಲ್ರಿ."

ನನ್ನನ್ನು ಒಂದು ಮಾತು ಬೈದರು. ಅದನ್ನು ಇಲ್ಲಿ ಬರೆಯುವುದಿಲ್ಲ. ಆದರೆ ಬೇಡ ಎನ್ನಲಿಲ್ಲ. ಬಟನ್ ಅವರ ಕೈಯಿಂದಲೇ ಒತ್ತಿಸಿದೆ. ಬಂದ್ ಆಯಿತು. ಮತ್ತೆ ಅವರೇ ಒತ್ತಿದರು. ನಾನು ಕೀಬೋರ್ಡಿನಿಂದ ದೂರ ಸರಿದು, ಕೈ ಕಾಣುವಂತೆ ಗೋಡೆಗೆ ನಿಂತೆ. ಪರದೆ ಕಪ್ಪಗಿತ್ತು, ಆಮೇಲೆ ಸಾಲು ಸರಿಯತೊಡಗಿದವು. ಹೊರಗೆ ಬಡಿಯುತ್ತಿದ್ದ ಫೋನು ಒಂದೊಂದಾಗಿ ನಿಂತವು. ಮೂರೂ ತಾವೇ ಎದ್ದಿದ್ದವು.

ಮಾಲಕರು ತಮ್ಮ ಫೋನು ತೆಗೆದು ಅಕ್ಕನಿಗೆ ಹಚ್ಚಿದರು. ಹುಮನಾಬಾದದ ಸರ್ವರಿಗೆ ಅಷ್ಟರಲ್ಲಿ ನಾನು ಕಲ್ಯಾಣದಿಂದಲೇ ಹೊಸ ಫೈಲು ಹಾಕಿದ್ದೆ.

"ಏನವ್ವಾ, ಪೂಜಿ ಆಯ್ತೇನು?"

"ಇಲ್ರಿ ಸಾವ್ಕಾರ್ರ. ತಮ್ಮ ಬ್ಯಾಡ ಅಂದಾನ್ರಿ. ಇನ್ನ ಮುಟ್ಟಿಲ್ರಿ."

"ಮುಟ್ಟು. ಬಂದ್ ಮಾಡು, ಒರಸು, ಪೂಜಿ ಮಾಡು. ಕುಂಕುಮ ಮಷೀನಿಗೇ ಹಚ್ಚು. ಫೋನ್ ಇಡಬ್ಯಾಡ."

ನಾವಿಬ್ಬರೂ ಸ್ಪೀಕರಿಗೆ ಕಿವಿ ಕೊಟ್ಟು ಕೂತೆವು. ಬಟ್ಟೆಯಿಂದ ಒರೆಸುವ ಸದ್ದು, ಗಂಟೆ, ಕಾಯಿ ಒಡೆದದ್ದು. "ಚಾಲೂ ಮಾಡೀನ್ರಿ," ಎಂದರು ಅಕ್ಕ. ಮಾಲಕರು ಎರಡು ಸಲ "ಹಲೋ" ಎಂದರು.

"ಒಂದ್ ಹಸರು ಬಂತ್ರಿ," ಎಂದರು ಅಕ್ಕ. "ಎರಡ್ನೇದ್ ಬಂತ್ರಿ." ಮಾಲಕರು ಫೋನು ಇನ್ನಷ್ಟು ಹತ್ತಿರ ಹಿಡಿದರು. "ಬಂತ್ರಿ! ಮೂರೂ ಬಂದಾವ್ರಿ. ನಾ ಏನೂ ಒತ್ತಿಲ್ರಿ, ದೇವರಾಣಿ."

"ಆಣಿ ಯಾಕ ಹಾಕ್ತಿ? ನಾ ಕೇಳೀನೇನು?" ಎಂದರು ಮಾಲಕರು. "ಖೋಲಿ ಬಂದ್ ಮಾಡಂಗಿಲ್ಲ. ಹೈದರಾಬಾದದ ಮಾತು ಬಿಟ್ಟೀನಿ. ನಾಳೆ ಎಂದಿನಂಗ ಬಾ."

ಅತ್ತಲಿಂದ ಅಕ್ಕ ಏನೋ ಹೇಳಿದರು, ಅಷ್ಟರಲ್ಲಿ ಅವರ ಇನ್ನೊಂದು ಫೋನು ಬಡಿಯಿತು. "ಹೌದೋ ಯಪ್ಪಾ, ಬಂದದ ನೆಟ್ಟು, ನೋಡು," ಎಂದು ಯಾರಿಗೋ ಜೋರಾಗಿ ಹೇಳುತ್ತಿದ್ದದ್ದು ನಮಗೆ ಕೇಳಿಸಿತು.

ಈಗ ಎರಡೂ ಊರಲ್ಲಿ ಅಮಾವಾಸ್ಯೆಗೆ ಸರ್ವರ್ ನಿಲ್ಲಿಸಿಯೇ ಪೂಜೆ. ಮೊದಲು ಹುಮನಾಬಾದ, ಅದು ಎದ್ದ ಮೇಲೆ ಕಲ್ಯಾಣ. ಹುಮನಾಬಾದದ್ದು ಎದ್ದಿತು ಎಂದು ಅಕ್ಕ ಹೇಳುವವರೆಗೆ ಮಾಲಕರೂ ಬಟನ್ ಮುಟ್ಟುವುದಿಲ್ಲ. ಕೈಯಿಂದ ಯಾರೂ ಏನೂ ಮಾಡುವುದಿಲ್ಲ, ಮಾಡಬೇಕಾದ್ದು ಫೈಲಿನಲ್ಲಿ ಬರಬೇಕು. ಅಷ್ಟೇ. ಇನ್ನು ಹೇಳಲು ನನ್ನ ಹತ್ತಿರ ಏನೂ ಇಲ್ಲ.